ಗಾಲಿಮನೆಯ ಬಾಗಿಲು

ಗಾಲಿಮನೆ, ಹೊಸ ಕ್ಯಾಂಪು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಹೇಗಿದ್ದೀರಿ? ಬೆರಳುಗಳ ಜೋಮು ಇಳಿಯಿತೇ? ನಿಮ್ಮ ಅಪ್ಪನ ಕೆಮ್ಮು ಹೇಗಿದೆ? ನಾವೆಲ್ಲ ಕ್ಷೇಮ ಎಂದು ಬರೆಯಹೋದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಜೀವಂತ ಇದ್ದೇವೆ, ಅಷ್ಟಂತೂ ನಿಜ.

ನೀವು ತವರಿಗೆ ಹೋದ ಮೇಲೆ ಪಾತ್ರೆ ತೊಳೆಯುವ ಕೆಲಸ ಅಮ್ಮನಿಗೆ ಬಂತು. ನಾನು ತೊಳೆಯಬಹುದಿತ್ತು, ತೊಳೆಯಲಿಲ್ಲ. ಅದಕ್ಕೂ ಸೇರಿಸಿಯೇ ಬೈದುಕೊಳ್ಳಿ. ಗುರುವಾರ ಬೆಳಿಗ್ಗೆ ಅಮ್ಮ ಹೊರಗಿನ ನಲ್ಲಿಯಲ್ಲಿ ಪಾತ್ರೆ ತೊಳೆದು, ಒರೆಸಿದ ನೆಲ ಕೊಳೆಯಾಗದಿರಲೆಂದು ನಿಮ್ಮ ಹಾಗೆಯೇ ಚಪ್ಪಲಿ ಕೆಳಗೆ ಬಿಟ್ಟು, ಒದ್ದೆ ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದಳು. ನಾನು ಒಳಗೆ ಓದುತ್ತಾ ಕೂತಿದ್ದೆ. ಕೇಳಿಸಿದ್ದು ಕೂಗಲ್ಲ, ಗಂಟಲಲ್ಲೇ ಸಿಕ್ಕಿಕೊಂಡ ಏನೋ ಒಂದು ಶಬ್ದ. ಕೈ ಹಿಡಿಗೆ ಕಚ್ಚಿಕೊಂಡಿತ್ತು. ಮೊದಲು ಮೇನ್ ಆರಿಸಬೇಕು, ಮುಟ್ಟಬಾರದು ಎಂದು ಅಣ್ಣ ಎಂದೋ ಹೇಳಿದ್ದು ಹೇಗೋ ನೆನಪಾಯಿತು. ಸ್ವಿಚ್ ಇಳಿಸಿದೆ. ಅಮ್ಮ ಕೆಸರಿನಲ್ಲಿ ಕುಸಿದಳು. ಗಾಬರಿಯಾಗಬೇಡಿ, ಡಾಕ್ಟರು ನೋಡಿದ್ದಾರೆ, ಅಂಗೈ ಸುಟ್ಟಿದೆ, ಅಷ್ಟೇ.

ಅಣ್ಣ ಕರೆಂಟು ಕಂಬ ನೆಡುವ ಕೆಲಸ ಬಿಟ್ಟು ಓಡಿಬಂದ. ಬಾಗಿಲು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ನೀವು ಹೇಳಿದಾಗ ಅವನು ಅಂದದ್ದು ನೆನಪಿದೆಯಲ್ಲ: "ದಿನಾ ಕರೆಂಟಿನ ಜೊತೆ ಸಂಸಾರ ಮಾಡೋನಿಗೆ ನೀನು ಪಾಠ ಹೇಳ್ತೀಯಾ?" ಅಂದು ರಬ್ಬರ್ ಬೂಟು ಹಾಕಿಕೊಂಡು, ಒಳಗೆ ನಿಂತು, ಹಿಡಿಗೆ ಟೆಸ್ಟರ್ ತಾಗಿಸಿದ. ದೀಪ ಹತ್ತಲಿಲ್ಲ. ನೀವು ಸುಳ್ಳುಗಾತಿಯಾದಿರಿ. ಗುರುವಾರ ಅದೇ ಟೆಸ್ಟರ್ ಹಿಡಿದು ಹೊರಗೆ ಮಣ್ಣಿನ ಮೇಲೆ ನಿಂತು, ನನಗೆ ಸ್ವಿಚ್ ಹಾಕಲು ಹೇಳಿದ. ದೀಪ ಹತ್ತಿತು. ಅವನ ಮುಖ ನೋಡಲಾಗದೆ ನಾನು ಬಕೆಟ್ ನೋಡುತ್ತಾ ನಿಂತೆ.

ಹಳೇ ಕ್ಯಾಂಪಿನ ಸಾಕೆಟ್ಟಿಗೆ ಎರಡೇ ತೂತು ಎಂದು, ಪ್ಲಗ್ಗಿನ ಮೂರನೇ ಪಿನ್ನನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಪಿನ್ನನ್ನು, ಅವನೇ ಕತ್ತರಿಸಿದ್ದನಂತೆ. ನೀರು ಕಾಯಿಸುವ ಹೀಟರಿನಿಂದ ಕರೆಂಟು ಸೋರುತ್ತಿತ್ತು. ಗಾಲಿಮನೆ ನಿಂತಿರುವುದು ಟೈರುಗಳ ಮೇಲೆ, ನೆಲಕ್ಕಿಳಿಯಲು ದಾರಿಯಿಲ್ಲ. ಹಾಗಾಗಿ ಇಡೀ ತಗಡಿನ ಮೈಗೆ ಕರೆಂಟು ಹರಡಿಕೊಂಡಿತ್ತು. ಒಳಗೇ ಇರುವವರಿಗೆ ಏನೂ ತಿಳಿಯುವುದಿಲ್ಲವಂತೆ. ಕಾಲು ನೆಲದಲ್ಲಿ, ಕೈ ಬಾಗಿಲಲ್ಲಿ ಇಟ್ಟವರಿಗೆ ಮಾತ್ರ ಹೊಡೆಯುತ್ತದೆ. ನಾವೆಲ್ಲ ಚಪ್ಪಲಿ, ಬೂಟಿನಲ್ಲೇ ಹತ್ತುವವರು. ನೀವೊಬ್ಬರೇ ಬರಿಗಾಲಿನವರು.

"ಬಾಗಿಲಿಗೂ ಸೊಸೆ ಕಂಡ್ರೆ ಆಗಲ್ವಂತೆ" ಎಂದು ಅಮ್ಮ ನಗಾಡಿದಾಗ, ಇಲ್ಲಿರಲು ಇಷ್ಟವಿಲ್ಲದೆ ನಾಟಕ ಎಂದಾಗ, ನಾನು ಪುಸ್ತಕದ ಹಿಂದೆ ಮುಖ ಮರೆಸಿ ನಕ್ಕೆ. ಆದರೆ ನೀವು ಹಿಡಿಗೆ ಒರೆಸುವ ಬಟ್ಟೆ ಸುತ್ತಿ ಬಾಗಿಲು ತೆಗೆಯುವುದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಯಾರೂ ಇಲ್ಲದಿರುವಾಗ ಯಾರಾದರೂ ನಾಟಕವಾಡುತ್ತಾರೆಯೇ? ಕಾದಂಬರಿಯಲ್ಲಾಗಿದ್ದರೆ ಇಂಥದ್ದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಟಿಪ್ಪಣಿ ಬರೆಯುವವಳು ನಾನು. ಮನೆಯಲ್ಲಿ ಬಾಯಿ ತೆರೆಯಲಿಲ್ಲ.

ಈಗ ಕೇಬಲ್ಲು ಹೊಸದು, ಹೀಟರೂ ಹೊಸದು, ಸಾಕೆಟ್ಟಿಗೆ ಅರ್ಥಿಂಗ್ ಬಂದಿದೆ. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನೂ ಕೂರಿಸಿದ್ದಾನೆ. ಅಮ್ಮ ನಿನ್ನೆ ಕೈಯ ಬ್ಯಾಂಡೇಜು ನೋಡಿಕೊಳ್ಳುತ್ತಾ, "ಅವಳಿಗೂ ಹೀಗೇ ನೋವಾಗಿತ್ತೇನೇ?" ಎಂದು ಕೇಳಿದಳು.

ನಿಮ್ಮ ಅಪ್ಪ ಅಮ್ಮನಿಗೆ, ಎದುರು ಬಂದು ಹೇಳುವ ಮುಖವಿಲ್ಲದ ನನ್ನ ನಮಸ್ಕಾರ.

ಇಂತಿ ನಿಮ್ಮ ನಾದಿನಿ,
ನೀವಿಟ್ಟ ಹೆಸರಿನ
ಪಿಸುಗುಟ್ಟಿ

ತಾ.ಕ.: ಮುಂದಿನ ಭಾನುವಾರ ಅಣ್ಣ ಅಲ್ಲಿಗೆ ಬರುತ್ತಿದ್ದಾನೆ. "ವೈರು ಸರಿ ಮಾಡಿದೀನಿ, ನಡಿ" ಎನ್ನುತ್ತಾನೆ, ಅಷ್ಟೇ. ಅದನ್ನೇ ಗೊಣಗಿಕೊಂಡು ಅಭ್ಯಾಸ ಮಾಡುತ್ತಿದ್ದಾನೆ. ವೈರು ಸರಿಯಾಗಿರುವುದು ನಿಜ. ಅಷ್ಟಕ್ಕೇ ಹೊರಟುಬಿಡಬೇಡಿ ಅತ್ತಿಗೆ. ನೀವು ಹೇಳಿದ್ದು ಸುಳ್ಳಾಗಿರಲಿಲ್ಲ, ತಪ್ಪು ತನ್ನದು ಎಂದು ಅವನ ಬಾಯಿಂದಲೇ ಬರಲಿ, ನಿಮ್ಮ ಅಪ್ಪನ ಎದುರಿಗೇ ಬರಲಿ. ಅಲ್ಲಿಯವರೆಗೆ ಬಟ್ಟೆ ಮಡಚಬೇಡಿ. ಬೆನ್ನ ಹಿಂದೆ ಬರೆಯುತ್ತಿಲ್ಲ, ನಿನ್ನೆ ಊಟಕ್ಕೆ ಕೂತಾಗ ಅವನಿಗೂ ಇದನ್ನೇ ಹೇಳಿದೆ. ಅಣ್ಣ ಎದ್ದು ಹೋಗಲಿಲ್ಲ.