ಬಸ್ಸಿನ ಫಾರಂಗೆ ಒಂದು ಸಹಿ

ಆಂಟಾಪ್ ಹಿಲ್, ಮುಂಬೈ
೧೩ ಜುಲೈ ೨೦೨೫, ರವಿವಾರ

ನನ್ನ ಮೇಲೆ ಸಿಟ್ಟಾಗಿಯೂ ನನ್ನವಳೇ ಆಗಿರುವ ಸುಂದ್ರವ್ವಗೆ,

ನಿನ್ನ ಗಂಡ ನಿಂಗಣ್ಣ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ. ಎಲ್ಲರೂ ಅಂದರೆ ನಾನು ಮತ್ತು ಅಡುಗೆ ಮನೆಯ ಹಲ್ಲಿ. ನೀನು ಮಗಳು ನಿಶಾಳನ್ನು ಕರೆದುಕೊಂಡು ಚೆಂಬೂರಿಗೆ ಅಣ್ಣನ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಮನೆಗೆ ಬಂದರೆ ನಿಮ್ಮಣ್ಣ ಅಣವೀರಪ್ಪ ಬಾಗಿಲಲ್ಲೇ ನಿಂತು, "ಬಂದ ದಾರಿ ಹಿಡೀರಿ" ಎನ್ನುತ್ತಾನೆ. ಅದಕ್ಕೇ ನನ್ನ ತಮ್ಮ ಅನಿಲನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಇದರ ಜೊತೆ ಒಂದು ಫಾರಂ ಇಟ್ಟಿದ್ದೇನೆ. ಮೊದಲು ಪತ್ರ ಓದು, ಆಮೇಲೆ ಫಾರಂ ನೋಡು.

ಅಕ್ಷರ ನೋಡಿ ನಗಬೇಡ. ಈ ಕಾಲೊನಿಯ ಅರ್ಧ ಜನಕ್ಕೆ ಊರಿನ ಪತ್ರ ಬರೆದುಕೊಟ್ಟ ಕೈ ಇದು. ಸಿಂದಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಗೌಂಡಿಗಳು ಪಗಾರದ ದಿನ ನನ್ನ ಮುಂದೆ ಸಾಲಾಗಿ ಕೂತು, ಹೆಂಡತಿಗೆ ಏನು ಹೇಳಬೇಕೆಂದು ನನ್ನನ್ನೇ ಕೇಳುತ್ತಿದ್ದರು. ನನ್ನ ಹೆಂಡತಿಗೆ ಏನು ಬರೆಯಬೇಕೆಂದು ಕೇಳೋಣವೆಂದರೆ ಈಗ ಯಾರೂ ಇಲ್ಲ. ಗೆರೆ ನೆಟ್ಟಗೆ ಬರುತ್ತಿಲ್ಲ. ಟೇಬಲ್ಲಿನ ಒಂದು ಕಾಲು ಅಲ್ಲಾಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳ ಇಪ್ಪತ್ತೈದರಿಂದ ನಾನು ಮುಟ್ಟಿಲ್ಲ. ಮುಟ್ಟಿಲ್ಲ ಅಂದರೆ ಮುಟ್ಟಿಲ್ಲ. ನಿಶಾಳ ಮೇಲೆ ಆಣೆ ಇಡು ಎಂದರೆ ಇಡುತ್ತಿದ್ದೆ, ಆದರೆ ಮಕ್ಕಳ ಮೇಲೆ ಆಣೆ ಇಡಬಾರದು ಎಂದು ನೀನೇ ಹೇಳುತ್ತಿದ್ದೆ. ಮಾರ್ಚ್‌ನಲ್ಲಿ ಅವಳನ್ನು ಶಾಲೆಯಿಂದ ಕರೆತರುವುದನ್ನು ಮರೆತೆನಲ್ಲ, ಎರಡು ತಾಸು ಅವಳು ವಾಚ್‌ಮನ್ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳಲ್ಲ, ಅದು ನನ್ನ ತಪ್ಪೇ. ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಇಡೀ ಸಂಸಾರವನ್ನು ಆ ಎರಡು ತಾಸಿನಲ್ಲಿ ಅಳೆಯಬೇಡ.

ಮೇ ಇಪ್ಪತ್ತೈದು ಯಾಕೆ ಎಂದು ನೀನು ಕೇಳುವವಳೇ. ಅನಿಲ ನಿನಗೆ ಹೇಳಿರಲಿಕ್ಕಿಲ್ಲ, ನಾನೇ ಬೇಡವೆಂದಿದ್ದೆ. ಅಂದು ಅವನ ಮಗನ ಜಾವಳ. ನಮ್ಮ ಕಾಲೊನಿಯ ಹಾಲ್‌ನಲ್ಲೇ ಕೂದಲು ತೆಗೆಸಿ, ಹೋಳಿಗೆ ಊಟ ಹಾಕಿಸಿದ. ನೀನು ಬರುತ್ತೀಯ ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದೆ. ನೀನು ಬರಲಿಲ್ಲ. ಹಾಲ್‌ನ ಹಿಂದೆ ಊರಿನ ಹುಡುಗರು ಕೂತಿದ್ದರು, ನಾನೂ ಕೂತೆ. ನಿನ್ನ ಮೇಲೆ ಹಾಕುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಕೊನೆಯ ಪಂಕ್ತಿಗೆ ಮೊಸರು ಕಡಿಮೆ ಬಿತ್ತು. ಅನಿಲನ ಸ್ಕೂಟರ್ ತೆಗೆದುಕೊಂಡು ನಾನೇ ಹೊರಟೆ. ಸಂಜೆ ನಾಲ್ಕು ಗಂಟೆ, ಚೆನ್ನಾದ ಬಿಸಿಲು. ಅಂಥ ಹೊತ್ತಿನಲ್ಲಿ ಯಾವ ಪೊಲೀಸ್ ನಾಕಾಬಂದಿ ಎಂದುಕೊಂಡಿದ್ದೆ. ಮೊಸರು ಕೊಂಡು ವಾಪಸು ಬರುವಾಗ ವಡಾಳಾ ಸಿಗ್ನಲ್ ದಾಟಿದ ಕೂಡಲೇ ನಿಲ್ಲಿಸಿದರು. ಮೀಸೆ ಇನ್ನೂ ಸರಿಯಾಗಿ ಬಾರದ ಪೊಲೀಸ್ ಒಬ್ಬ ಬಾಯಿಗೆ ನಳಿಗೆ ಹಿಡಿದು, "ಕಾಕಾ, ಜೋರ್ ಸೇ ಫೂಂಕೋ" ಎಂದ. ಜೋರಾಗಿ ಊದಿದೆ. ಯಂತ್ರದಲ್ಲಿ ಮೂವತ್ತು ದಾಟಬಾರದಂತೆ. ನನ್ನದು ನೂರಾ ಹದಿನಾಲ್ಕು ತೋರಿಸಿತು. ಅವನು ನನ್ನನ್ನು ನೋಡಿ, "ಕಾಕಾ, ಆಪ್ ಖಡೇ ಕೈಸೇ ಹೋ?" ಇಷ್ಟಾದರೂ ನಿಂತಿರುವುದು ಹೇಗೆ ಎಂದು ನಕ್ಕ. ನನಗೂ ನಗು ಬಂತು. ಸ್ಕೂಟರ್ ಇಟ್ಟುಕೊಂಡರು, ಲೈಸೆನ್ಸ್ ಕಾರ್ಡ್ ಇಟ್ಟುಕೊಂಡರು. ಅನಿಲ ಬಂದು ಜಾಮೀನು ಬರೆದುಕೊಡುವವರೆಗೆ ಮೊಸರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಅಲ್ಲಿ ಕೂತಾಗ ನಾಚಿಕೆ ಆಯಿತು ಸುಂದ್ರಾ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಮುಂದಿನ ವಾರ ಕೋರ್ಟು. ನನ್ನಂಥವರು ಮೂವತ್ತು ಮಂದಿ ಸಾಲಿನಲ್ಲಿ. ಕಾರಿಡಾರಿನಲ್ಲಿ ಸರ್ಕಾರದ ಕಡೆಯಿಂದ ಬಡವರಿಗೆ ಸಲಹೆ ಕೊಡುವ ವಕೀಲೆ ಒಬ್ಬಳಿದ್ದಳು, ಚಿಕ್ಕ ಹುಡುಗಿ. ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಳು. ಶಾಲೆ ಬಸ್ ಎಂದೆ. ಅವಳ ಮುಖ ಬದಲಾಯಿತು. ಹಾಗಾದರೆ ಇವತ್ತೇ ತಪ್ಪೊಪ್ಪಿಕೊಳ್ಳಬೇಡಿ, ತಾರೀಖು ಕೇಳೋಣ, ಒಪ್ಪಿಕೊಂಡರೆ ಶಿಕ್ಷೆ ಎಂದು ದಾಖಲಾಗುತ್ತದೆ, ಲೈಸೆನ್ಸ್ ಮೇಲೆ ಬರುತ್ತದೆ, ಎರಡನೇ ಸಲ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಎಂದಳು. ಅನಿಲ ನನ್ನ ತೋಳು ಹಿಡಿದು ಎಳೆದ. "ಯಣ್ಣಾ, ಬರೇ ಸ್ಕೂಟರ್ ಕೇಸ್ ಐತಿ ಇದು. ಕಬೂಲ್ ಅನ್ನು, ದಂಡ ಕಟ್ಟು, ಮುಗೀತು. ತಾರೀಖಿಗೆ ಅಡ್ಡಾಡಿ ಕೆಲಸಾ ಕಳ್ಕೋತಿ ಏನ್?" ಎಂದ. ನನಗೂ ಅದೇ ಸರಿ ಕಂಡಿತು. ಜಡ್ಜ್ ಸಾಹೇಬರು ಕೇಳಿದರು, ನಾನು ಕಬೂಲ್ ಎಂದೆ. ನಿಶಾ ಒಂದರ ಮಗ್ಗಿ ಒಪ್ಪಿಸುವಷ್ಟು ಹೊತ್ತೂ ಆಗಲಿಲ್ಲ.

ನಾನು ಅಷ್ಟು ಧೈರ್ಯವಾಗಿ ಕಬೂಲ್ ಎಂದದ್ದಕ್ಕೆ ಕಾರಣ ನಿನಗೆ ಗೊತ್ತೇ ಇದೆ, ನನ್ನ ಬಿಲ್ಲೆ, ಅದೇ ಡ್ರೈವರ್ ಬ್ಯಾಡ್ಜ್. ಹತ್ತೊಂಬತ್ತು ವರ್ಷದ ಹಿಂದೆ ದೊಡ್ಡ ಗಾಡಿ ಓಡಿಸಲು ಆ ಬಿಲ್ಲೆ ಸಿಕ್ಕ ದಿನ ನಮ್ಮಪ್ಪ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದ್ದ. ನಮ್ಮ ಡ್ರೈವರ್ ಮಂದಿಯ ಲೆಕ್ಕ ಒಂದೇ: ಎದೆಯ ಮೇಲೆ ಬಿಲ್ಲೆ ಇದ್ದರೆ ಡ್ರೈವರ್, ಇಲ್ಲದಿದ್ದರೆ ಕ್ಲೀನರ್. ಕಾರ್ಡ್ ಇಂದು ಪೊಲೀಸರ ಕೈಯಲ್ಲಿರುತ್ತದೆ, ನಾಳೆ ನಮ್ಮ ಕೈಗೆ ಬರುತ್ತದೆ. ಬಿಲ್ಲೆಯನ್ನು ಯಾರೂ ಕೇಳುವುದಿಲ್ಲ. ಠಾಣೆಯಲ್ಲೂ ಕೇಳಲಿಲ್ಲ, ಕೋರ್ಟಿನಲ್ಲೂ ಕೇಳಲಿಲ್ಲ. ಸ್ಕೂಟರಿನ ಲೈಸೆನ್ಸ್ ಹೋಯಿತು, ಬಸ್ಸಿನದು ನನ್ನ ಎದೆಯ ಮೇಲೇ ಇದೆ ಎಂದುಕೊಂಡು ಮರುದಿನ ಬಸ್ ತೊಳೆದು ಊದಿನಕಡ್ಡಿ ಹಚ್ಚಿದೆ. ಶಾಲೆ ಶುರುವಾಗುವುದಿತ್ತು.

ಜೂನ್ ಕೊನೆಗೆ ಆರ್‌ಟಿಓದಿಂದ ಕಾಗದ ಬಂತು. ಅರ್ಥವಾಗದೆ ಏಜೆಂಟ್ ಮೋನಪ್ಪನ ಬಳಿ ಹೋದೆ. ನಿನಗೆ ಗೊತ್ತಲ್ಲ, ಆರ್‌ಟಿಓ ಎದುರು ಛತ್ರಿ ಹಾಕಿಕೊಂಡು ಕೂರುವ ಮಂಗಳೂರಿನವನು. ಅವನು ಕಾಗದ ಓದಿ, ನನ್ನ ಎದೆಯ ಬಿಲ್ಲೆ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. "ನೀವು ಎಂತ ಜನ ಮಾರಾಯ್ರೆ! ಸ್ಕೂಟರಿಗೊಂದು ಲೈಸೆನ್ಸ್, ಬಸ್ಸಿಗೊಂದು ಲೈಸೆನ್ಸ್ ಉಂಟಾ? ಕಾರ್ಡ್ ಒಂದೇ ಅಲ್ವಾ? ಅದು ಹೋದ್ರೆ ಎಲ್ಲ ಹೋಯ್ತು. ಈ ಬಿಲ್ಲೆ ಇಟ್ಕೊಂಡು ನೀವು ಸೈಕಲ್ ಬಿಡ್ಬಹುದು" ಎಂದ. ಡಿಸೆಂಬರ್ ಕೊನೆಯವರೆಗೆ, ಆರು ತಿಂಗಳು, ನಾನು ಯಾವ ಗಾಡಿಯನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿ ಸಿಕ್ಕಿಬಿದ್ದರೆ ಜೈಲು. ಏನಾದರೂ ಅನಾಹುತವಾದರೆ ವಿಮೆಯವರು ಕೈ ಎತ್ತುತ್ತಾರೆ. ಆರು ತಿಂಗಳು ಎಲ್ಲಾದರೂ ವಾಚ್‌ಮನ್ ಕೆಲಸ ಮಾಡಿ ಎಂದು ಮೋನಪ್ಪ ಹೇಳಿದ. ಹತ್ತೊಂಬತ್ತು ವರ್ಷ ಸ್ಟಿಯರಿಂಗ್ ಹಿಡಿದವನು ಗೇಟ್ ಹಿಡಿದುಕೊಂಡು ನಿಲ್ಲಲೇ?

ಈಗ ನೀನು ಹಣೆ ಗಂಟಿಕ್ಕಿದ್ದೀಯ. ನನಗೆ ಇಲ್ಲಿಂದಲೇ ಕಾಣುತ್ತದೆ. ಹೌದು, ಓಡಿಸುತ್ತಿದ್ದೇನೆ. ಬಸ್ ಕಾಂಟ್ರಾಕ್ಟರ್ ಸೇಠ್‌ಗೆ ಹೇಳಿಲ್ಲ. ಅವರ ಫೈಲಿನಲ್ಲಿ ನನ್ನ ಹಳೆಯ ಕಾರ್ಡಿನ ಝೆರಾಕ್ಸ್ ಇದೆ, ಅದರಲ್ಲಿ ಏನೂ ಬದಲಾಗಿಲ್ಲ. ರಸ್ತೆಯಲ್ಲಿ ಯಾರಾದರೂ ಕೇಳಿದರೆ ಎಂದು ಜೇಬಿನಲ್ಲಿ ಅನಿಲನ ಕಾರ್ಡ್ ಇಟ್ಟುಕೊಂಡಿದ್ದೇನೆ. ನಮ್ಮಿಬ್ಬರ ಮುಖ ಒಂದೇ ಅಚ್ಚು ಎಂದು ನಿಮ್ಮವ್ವನೇ ಹೇಳುತ್ತಿದ್ದಳು. ಪಾಪ, ಅವನು ಕಾರ್ಡ್ ಕಳೆದುಹೋಯಿತೆಂದು ಮನೆಯೆಲ್ಲ ಹುಡುಕಿ ಈಗ ಡುಪ್ಲಿಕೇಟ್‌ಗೆ ಅರ್ಜಿ ಹಾಕಿದ್ದಾನೆ. ನೀನು ಅವನಿಗೆ ಹೇಳಬೇಡ. ಪತ್ರಕ್ಕೆ ಗೋಂದು ಹಚ್ಚಿದ್ದೇನೆ, ಅವನು ಬಿಚ್ಚುವುದಿಲ್ಲ. ಏನಾದರೂ ಆದರೆ ಅವನ ಹೆಸರು ಬರುತ್ತದಲ್ಲ ಎಂದು ಕೇಳುತ್ತೀಯ. ಏನೂ ಆಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಶಾಲೆ ಬಸ್ಸಿನವನ ಬಾಯಿಗೆ ಯಾರೂ ಯಂತ್ರ ಹಿಡಿಯುವುದಿಲ್ಲ. ಹಿಡಿದರೂ ನನಗೇನು, ನಾನು ಮುಟ್ಟುವುದಿಲ್ಲವಲ್ಲ.

ಕಳೆದ ಗುರುವಾರದ ಸುದ್ದಿ ಬೇರೆಯವರ ಬಾಯಿಂದ ನಿನಗೆ ಬರುವ ಮೊದಲು ನಾನೇ ಹೇಳುತ್ತೇನೆ. ಬಸ್ಸಿಗೆ ನಾಯಿ ಅಡ್ಡ ಬಂತು. ತಿರುವಿನಲ್ಲಿ ಮುಂದಿನ ಗಾಲಿ ಡಿವೈಡರ್ ಹತ್ತಿ ಇಳಿಯಿತು, ಅಷ್ಟೇ. ಮಕ್ಕಳು ಒಮ್ಮೆ ಕಿರುಚಿಕೊಂಡರು. ಒಂದು ಹುಡುಗಿಯ ತುಟಿ ಒಡೆದು ಹಲ್ಲು ಬಿತ್ತು. ಹಾಲುಹಲ್ಲು, ಹೇಗೂ ಬೀಳುವುದೇ ಇತ್ತು. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶೀತಲ್ ಎಂಬವಳು ಇದ್ದಾಳೆ. ಅವಳು ಕೆಳಗಿಳಿದು ಹಿಂದೆ ಮುಂದೆ ನೋಡಿ, "ಅಂಕಲ್, ಕುತ್ತಾ ಕಹಾಂ ಥಾ?" ನಾಯಿ ಎಲ್ಲಿತ್ತು ಎಂದು ಕೇಳಿದಳು. ನಾಯಿ ಅಲ್ಲೇ ನಿಂತು ಇವಳಿಗೆ ಸಲಾಮು ಹೊಡೆಯುತ್ತದೆಯೇ? ಓಡಿಹೋಗಿತ್ತು. ಮೊದಲು ನನ್ನ ಪಕ್ಕದ ಸೀಟಿನಲ್ಲಿ ಕೂತು ಮಾತಾಡುತ್ತಿದ್ದಳು. ಈಗ ಹಿಂದೆ, ತುರ್ತು ಬಾಗಿಲ ಪಕ್ಕ ಕೂರುತ್ತಾಳೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಶಾಲೆಯಲ್ಲಿ ಅವಳು ಏನೂ ಹೇಳಿಲ್ಲ. ಹೇಳಬೇಡ ಎಂದು ನಾನು ಕೈ ಮುಗಿದಿದ್ದೇನೆ.

ಈಗ ಫಾರಂನ ವಿಷಯ. ಸುಂದ್ರಾ, ಇದನ್ನು ಸಿಟ್ಟು ಬದಿಗಿಟ್ಟು ಓದು. ಇಪ್ಪತ್ತೊಂದನೇ ತಾರೀಖು ಸೋಮವಾರದಿಂದ ಸೇಠ್ ನನಗೆ ಚೆಂಬೂರಿನ ರೂಟ್ ಕೊಟ್ಟಿದ್ದಾರೆ. ನಾನೇ ಕೇಳಿ ತೆಗೆದುಕೊಂಡೆ. ಅದು ನಿಶಾಳ ಶಾಲೆಯ ಬಸ್. ನಿಮ್ಮಣ್ಣನ ಬಿಲ್ಡಿಂಗಿನ ಗೇಟ್ ಮುಂದೆಯೇ ನಿಲ್ಲುತ್ತದೆ. ನೀನು ಏಳಕ್ಕೆಲ್ಲ ಪರೇಲಿನ ಆಸ್ಪತ್ರೆಯಲ್ಲಿ ಡ್ಯೂಟಿಗೆ ಹಾಜರಿರಬೇಕು. ಈ ಮಳೆಯಲ್ಲಿ ಮಗಳು ನಿನ್ನ ಅತ್ತಿಗೆಯ ಕೈ ಹಿಡಿದು ಮೊಣಕಾಲು ನೀರಿನಲ್ಲಿ ಶಾಲೆಗೆ ನಡೆಯುತ್ತಾಳೆ. ಕಳೆದ ಮಂಗಳವಾರ ಎದುರಿನ ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಒಂದು ಚಪ್ಪಲಿ ನೀರಿನಲ್ಲಿ ಹೋಯಿತು, ಅವಳು ಅಳಲಿಲ್ಲ, ಒಂದೇ ಚಪ್ಪಲಿಯಲ್ಲಿ ನಡೆದಳು. ಕೂಗಬೇಕೆಂದುಕೊಂಡೆ, ಅವಳು ತಿರುವು ದಾಟುವವರೆಗೆ ನೋಡಿ ವಾಪಸು ಬಂದೆ.

ನನ್ನ ಮಗಳೆಂದು ಸೇಠ್ ಬಸ್ಸಿನ ಫೀ ಕೇಳುವುದಿಲ್ಲ. ಆದರೆ ಶಾಲೆಯ ದಾಖಲೆಯಲ್ಲಿ ನಿನ್ನ ಸಹಿ ಒಂದೇ ನಡೆಯುತ್ತದಂತೆ. ತಂದೆಯ ಜಾಗದಲ್ಲಿ ಗೆರೆ ಎಳೆದಿದ್ದೀಯಂತೆ. ಶಾಲೆಯ ಆಫೀಸಿನವಳು ಅದನ್ನು ನನ್ನ ಎದುರೇ ಓದಿದಳು. ಇರಲಿ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದೇನೆ. ಶುಕ್ರವಾರದೊಳಗೆ ಕೊಟ್ಟರೆ ಸಾಕು.

ನನ್ನ ಬೆನ್ನ ಹಿಂದಿನ ಮೊದಲ ಸೀಟನ್ನು ಅವಳಿಗೇ ಇಟ್ಟಿದ್ದೇನೆ. ಮೇಲಿನ ಕನ್ನಡಿಯನ್ನು ಆ ಸೀಟಿಗೆ ಸರಿಯಾಗಿ ತಿರುಗಿಸಿದ್ದೂ ಆಯಿತು. ದಿನಾ ಬೆಳಿಗ್ಗೆ ಆ ಕನ್ನಡಿಯಲ್ಲಿ ಮಗಳ ಮುಖ ಕಾಣಬೇಕು ನನಗೆ. ಅವಳು ಕಂಡರೆ ನನ್ನ ಕೈ ನೆಟ್ಟಗಿರುತ್ತದೆ. ಅವಳಿಲ್ಲದೆ ಈ ಆರು ತಿಂಗಳು ನನ್ನಿಂದ ಕಳೆಯಲಾಗದು ಸುಂದ್ರಾ. ನಿಜ ಹೇಳುತ್ತೇನೆ, ನನಗೆ ಭಯವಾಗುತ್ತದೆ. ರಸ್ತೆ ಒಮ್ಮೊಮ್ಮೆ ಅಗಲವಾಗಿ ಕಾಣುತ್ತದೆ, ಒಮ್ಮೊಮ್ಮೆ ಸಂದಿಯ ಹಾಗೆ. ಮೂವತ್ತೆರಡು ಮಕ್ಕಳು ಹಿಂದೆ ಕೂತು ಹಾಡುತ್ತಿರುತ್ತವೆ, ನನಗೆ ಒಂದು ಪದವೂ ಕೇಳಿಸುವುದಿಲ್ಲ. ನನ್ನ ಮಗಳು ಗಾಡಿಯಲ್ಲಿದ್ದರೆ ಅದಕ್ಕೆ ಏನೂ ಆಗದು ಎಂದು ನನ್ನ ಮನಸ್ಸು ಹೇಳುತ್ತದೆ. ಎಂಥ ದೇವರಾದರೂ ಅಷ್ಟು ಮಾತ್ರ ನೋಡಿಯೇ ನೋಡುತ್ತಾನೆ.

ಹೆಚ್ಚು ಬರೆದರೆ ನೀನು ಓದುವುದಿಲ್ಲ. ಅನಿಲ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ನಿಮ್ಮಣ್ಣನಿಗೆ ಈ ಪತ್ರ ತೋರಿಸಬೇಡ. ಸಹಿ ಮಾಡು, ಮಡಚು, ಅನಿಲನ ಕೈಗೆ ಕೊಡು. ಮಾತಾಡಲೂ ಬೇಡ.

ಗೆರೆ ಎಳೆದ ಜಾಗದಲ್ಲಿ ಇನ್ನೂ ನಿಂತಿರುವ
ನಿನ್ನ ನಿಂಗಣ್ಣ

ತಾ.ಕ.: ಸೋಮವಾರ ಕಳಿಸುವ ಮೊದಲು ನಿಶಾಗೆ ಒಂದು ಮಾತು ಹೇಳಿಡು. ನನ್ನ ಸೀಟಿನ ಕೆಳಗೆ ಹಸಿರು ಮುಚ್ಚಳದ ನೀರಿನ ಬಾಟಲಿ ಇರುತ್ತದೆ. ಎಷ್ಟೇ ಬಾಯಾರಿದರೂ, ಅಪ್ಪನದೇ ಎಂದು ಅದನ್ನು ತೆಗೆದು ಕುಡಿಯದಿರಲಿ. ಅವಳಿಗೆ ಮನೆಯಿಂದಲೇ ಬೇರೆ ನೀರು ಕೊಟ್ಟು ಕಳಿಸು.