ತುರುಬಿನಲ್ಲಿ ಬೀಗದ ಕೈ

ಮಾರ್ಚ್ 4

ಬೀಗದ ಕೈ ಗೊಂಚಲು ಇವತ್ತೂ ಸೋಪಿನ ಡಬ್ಬಿಯಲ್ಲೇ ಸಿಕ್ಕಿತು. ನಮ್ಮ ಯಜಮಾನರು ಹೊರಗಿನಿಂದ ಬಂದವರೇ ಸೀದಾ ಬಚ್ಚಲಿಗೆ. ಕೈ ತೊಳೆಯುವಾಗ ಅಲ್ಲಿಟ್ಟು ಮರೆಯುವುದು, ಆಮೇಲೆ ನನ್ನ ಮೇಲೆ ರೇಗುವುದು. ಊರ ಕಣ್ಣಿಗೆ ಮಾತ್ರ ಬಲು ಶಿಸ್ತಿನ ಸಾಹಿತಿ!

ಮಧ್ಯಾಹ್ನ ಟೈಪಿಂಗ್. ಇವರ ಕಾದಂಬರಿ, ಏಳನೇ ಅಧ್ಯಾಯ. ಬಿಳಿಯ ದೊರೆ ಹಡಗು ಹತ್ತಿದ್ದಾನೆ. ಬಂಗಲೆ ಖಾಲಿ. ಅಲ್ಲಿನ ಗುಮಾಸ್ತನಿಗೂ ಅಡುಗೆಯವನ ಮಗಳಿಗೂ ಪ್ರೀತಿ. ಗುಮಾಸ್ತನ ಹೆಂಡತಿ? ಕಾಫಿ ತಂದಿಟ್ಟು ಒಳಗೆ ಹೋಗುತ್ತಾಳೆ. ಅಷ್ಟೇ.

ಮಾರ್ಚ್ 9

ಅಡುಗೆಯವನ ಮಗಳು ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಾಳಂತೆ. ಓದು ಬರಹ ಬಾರದವಳಿಗೆ ಪೆನ್ಸಿಲ್ ಯಾಕೆ? ಹಾಗೆ ಸಿಕ್ಕಿಸಿಕೊಳ್ಳುವವಳು ಯಾರೆಂದು ನನಗೆ ಗೊತ್ತಿಲ್ಲವೇ... ಇವರು ದಿನಾ ಹೋಗುವ ಲೈಬ್ರರಿಯವಳು. ಇವರನ್ನು ಕೇಳಿಯೇಬಿಟ್ಟೆ.

"ಅವಳು ಹೆಂಗಸಲ್ಲ ಕಣೇ, ಸಂಕೇತ. ಹೊಸದಾಗಿ ಎದ್ದು ನಿಂತ ದೇಶ."

ದೇಶಕ್ಕೆ ಕತ್ತಿನ ಹಿಂದೆ ಮಚ್ಚೆ ಬೇರೆ!

ಮಾರ್ಚ್ 10

ಪೆನ್ಸಿಲ್ ತೆಗೆದುಹಾಕಿದೆ. ಆ ಜಾಗಕ್ಕೆ ದೊರೆಯ ಬಂಗಲೆಯ ಬೀಗದ ಕೈ ಟೈಪ್ ಮಾಡಿದೆ. ಭಾರಕ್ಕೆ ಕುತ್ತಿಗೆ ನೋಯಲಿ. ಟೈಪಾದದ್ದನ್ನು ಇವರು ತಿರುಗಿ ಓದುವವರಲ್ಲ — ನನ್ನ ಮೇಲೆ ಅಷ್ಟು ನಂಬಿಕೆ.

ನವೆಂಬರ್ 22

ಪುಸ್ತಕ ಬಿಡುಗಡೆ. ಪ್ರೊಫೆಸರು ಅರ್ಧ ಗಂಟೆ ಆ ಬೀಗದ ಕೈ ಒಂದನ್ನೇ ಹಿಡಿದು ಜಗ್ಗಿದರು. ಆಳಿದವನ ಮನೆ ಈಗ ಆಳಿನ ಮಗಳ ತಲೆಯ ಮೇಲೆ. ಸ್ವಾತಂತ್ರ್ಯವೂ ಇದೇ, ಹೊರೆಯೂ ಇದೇ ಅಂತ. ಚಪ್ಪಾಳೆಯೋ ಚಪ್ಪಾಳೆ. ಇವರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ತಾವೇ ಹೆತ್ತವರಂತೆ ತಲೆದೂಗಿದರು. ನನಗೆ ಹಾಲು ಕುಡಿದಷ್ಟು ಸಂತೋಷ.

ಅವಳೂ ಬಂದಿದ್ದಳು, ಪೆನ್ಸಿಲ್ ಸಮೇತ. ಜನ ಚದುರಿದ ಮೇಲೆ ಪಕ್ಕಕ್ಕೆ ಬಂದಳು.

"ಅಕ್ಕಾ, ಆ ಬೀಗದ ಕೈ ನಿಮ್ಮ ಕೆಲಸ ತಾನೇ?"

ಯಾಕೆ ಹಾಗನ್ನಿಸಿತು ಅಂದೆ.

"ಸೋಪಿನ ಡಬ್ಬೀಲಿ ಬೀಗದ ಕೈ ಬಿಟ್ಟುಹೋಗೋರಿಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ?"

ಅಂದವಳು ತುಟಿ ಕಚ್ಚಿಕೊಂಡಳು. ನಾನು ನಕ್ಕೆ. ಹೇಗೆ ನಕ್ಕೆನೋ ದೇವರೇ ಬಲ್ಲ.

ನವೆಂಬರ್ 23, ಬೆಳಗ್ಗೆ

ಇವರಿಗೆ ಲೈಬ್ರರಿಗೆ ಹೊತ್ತಾಯಿತಂತೆ. ಗೊಂಚಲು ಕಾಣುತ್ತಿಲ್ಲ, ಸ್ಕೂಟರಿನದೂ ಅದರಲ್ಲೇ ಇದೆ. ಮನೆಯೆಲ್ಲ ಜಾಲಾಡುತ್ತಿದ್ದಾರೆ. ಸೋಪಿನ ಡಬ್ಬಿಯನ್ನೂ ನೋಡಿ ಬಂದರು. ಎಲ್ಲಿ ಸಿಗಬೇಕು? ನನ್ನ ತುರುಬಿನಲ್ಲಿದೆ. ನಿಜಕ್ಕೂ ಭಾರ. ಕುತ್ತಿಗೆ ನೋಯುತ್ತಿದೆ.

"ಬಚ್ಚಲಲ್ಲೂ ಇಲ್ವಲ್ಲೇ" ಅಂತ ಬಾಗಿಲಲ್ಲಿ ನಿಂತಿದ್ದಾರೆ. ಈಗ ತಲೆ ಎತ್ತಿ ಕೇಳುತ್ತೇನೆ, ಯಾರ ಮನೆ ಬಚ್ಚಲು ಅಂ—