ಮುದಿ ನಾಯಿ ಕಲಿತ ಪಾಠ

ಮಾರ್ಚ್ 11, ಬುಧವಾರ

ಗುಂಡನಿಗೆ ವಯಸ್ಸಾಗಿ ಕಿವಿ ಪೂರ್ತಿ ಹೋಗಿದೆ. ಎಷ್ಟು ಕೂಗಿದರೂ ಬಾಲ ಅಲ್ಲಾಡುವುದಿಲ್ಲ. ಅದಕ್ಕೇ ಒಂದು ತಿಂಗಳಿಂದ ಕೈಸನ್ನೆ ಕಲಿಸುತ್ತಿದ್ದೇನೆ. ಕೈ ಎತ್ತಿ ಎದೆಗೆ ತಂದರೆ ‘ಬಾ’ ಅಂತ. ಬಂದರೆ ಬಿಸ್ಕತ್ತು. ಮನೆಯೊಳಗೆ ಒಂದು ದಿನವೂ ತಪ್ಪಿದವನಲ್ಲ. ಎಂಥಾ ಮೇಷ್ಟ್ರು ನಾನು ಎಂದು ಬೀಗಿದ್ದೂ ಆಯಿತು.

ಇವತ್ತು ಸಂಜೆ ಮೈದಾನದಲ್ಲಿ ಬೆಲ್ಟು ಬಿಚ್ಚಿದೆ. ಮೂಸುತ್ತಾ ಮೂಸುತ್ತಾ ರಸ್ತೆ ಕಡೆಯ ಗೇಟಿನ ತನಕ ಹೋಗಿಬಿಟ್ಟ. ಅಲ್ಲಿಂದ ತಿರುಗಿ ನೋಡಿದ. ಕೈ ಎತ್ತಿ ಎದೆಗೆ ತಂದೆ. ಎರಡೂ ಕೈ ಬೀಸಿದೆ. ಸುಮ್ಮನೆ ನೋಡುತ್ತಾ ನಿಂತ. ಆಚೆ ಲಾರಿಗಳು.

“ರೀ, ಕನ್ನಡಕ ತೆಗೀರಿ,” ಅಂದಳು ಇವಳು, ಬೆಂಚಿನಿಂದ ಏಳದೆ.

“ಈಗ ಅದ್ಯಾಕೆ?”

“ತೆಗೀರಿ ಅಂದ್ನಲ್ಲ.”

ತೆಗೆದೆ. ಬಿಸ್ಕತ್ತು ತಿಂದ ಕೂಡಲೇ ಮುಖ ನೆಕ್ಕುತ್ತಾನೆ ಎಂದು ದಿನಾ ಕೈ ಎತ್ತುವ ಮೊದಲೇ ಕನ್ನಡಕ ತೆಗೆದು ಜೇಬಿಗಿಡುತ್ತೇನೆ. ಪುಣ್ಯಾತ್ಮ ಕಲಿತಿರುವುದು ಅದನ್ನು. ನನ್ನ ಕೈಯನ್ನು ಲೆಕ್ಕಕ್ಕೇ ಇಟ್ಟಿಲ್ಲ. ಇವಳಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ. “ಪಾಠ ಜೋರಾಗಿ ನಡೀತಿತ್ತು, ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ” ಅಂತಾಳೆ.

ಕನ್ನಡಕವಿಲ್ಲದೆ ನನಗೆ ಗೇಟೇ ಕಾಣಲಿಲ್ಲ. ಅವನಿಗೆ ಕೇಳುವುದಿಲ್ಲ, ನನಗೆ ಕಾಣುವುದಿಲ್ಲ. ಸುಮ್ಮನೆ ನಿಂತಿದ್ದೆ. ಮಂಜುಮಂಜಾಗಿ ಕಂದು ಬಣ್ಣದ್ದೇನೋ ದೊಡ್ಡದಾಗುತ್ತಾ ಬಂತು, ಬಂದು ಮೊಣಕಾಲಿಗೆ ಢೀ ಕೊಟ್ಟಿತು. ಇಬ್ಬರೂ ಹುಲ್ಲಿನ ಮೇಲೆ ಬಿದ್ದೆವು. ಇವಳು ನಕ್ಕಿದ್ದೇ ನಕ್ಕಿದ್ದು.

ನಿದ್ದೆ ಬರುತ್ತಿದೆ. ಕಣ್ಣುಜ್ಜಿಕೊಳ್ಳಲು ಈಗಷ್ಟೇ ಕನ್ನಡಕ ತೆಗೆದೆ. ಗುಂಡ ಎದ್ದು ಬಂದು ಎದುರಿಗೇ ಕೂತಿದ್ದಾನೆ. ಬಿಸ್ಕತ್ತಿನ ಡಬ್ಬಿ ಇವಳು ಎಲ್ಲಿಟ್ಟಿದ್ದಾಳೋ.